ತೊಟ್ಟಿಲಿಗೆ ಸೆನ್ಸರ್ ಆರಿಸಿದ್ದು

ಎತ್ತರದ ಕೆಲಸದಲ್ಲಿ ಭಯ ಇದ್ದಲ್ಲೇ ನಗುವೂ ಇರುತ್ತದೆ. ಮೊದಲು ಇಂಥದ್ದನ್ನೆಲ್ಲ ಫೋನಿನಲ್ಲಿ ಹೆಂಡತಿಗೆ ಹೇಳುತ್ತಿದ್ದೆ. ಅವಳು ತೀರಿಹೋಗಿ ಹತ್ತು ತಿಂಗಳು. ಈಗ ಬರೆಯುತ್ತೇನೆ.

ನಾನು ಅಬುಧಾಬಿಯಲ್ಲಿ ಮೆಕ್ಯಾನಿಕ್. ಕಟ್ಟಡದ ಹೊರಗೆ ತೂಗುವ, ಗಾಜು ಒರೆಸುವವರ ತೊಟ್ಟಿಲು ನನ್ನ ಪಾಲಿಗೆ. ಅದು ಓರೆಯಾದರೆ ಮೋಟಾರು ನಿಲ್ಲಿಸುವ ಸೆನ್ಸರ್ ಕೆಟ್ಟಿತು. ಒಳಗೆ ನಿಲ್ಲುವವರು ಇಬ್ಬರು. ಗುರುವಾರ ತಪಾಸಣೆ. ಫೇಲಾದರೆ ನಿಮ್ಮ ವೀಸಾ ಖಲಾಸ್ ಎಂದರು ಇಂಜಿನಿಯರು.

೧. ಗುಂಡು

ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಅಗ್ಗದ್ದು ತಂದೆ. ಒಳಗೊಂದು ಗುಂಡು. ಓರೆಯಾದರೆ ಉರುಳುತ್ತದೆ, ಮೋಟಾರು ನಿಲ್ಲುತ್ತದೆ. ಆದರೆ ಗುಂಡಿಗೆ ಓರೆಯೂ ಒಂದೇ, ಅಲುಗಾಟವೂ ಒಂದೇ. ಮೂರನೇ ಮಹಡಿ ಮುಟ್ಟುವುದರೊಳಗೆ ನಾಲ್ಕು ಸಲ ನಿಂತಿತು. ಒಳಗಿದ್ದ ಉಡುಪಿ ಕಡೆಯವನು ಫೋನ್ ಮಾಡಿದ.

"ಗಾಳಿಗೆ ನಿಂತದ್ದು ಸರಿ ಅಣ್ಣ. ಈಗ ಇವ ಸೀನಿದ್ದಕ್ಕೂ ನಿಂತಿತು ಮಾರಾಯ್ರೆ."

೨. ದುಬಾರಿಯದು

ಇಂಜಿನಿಯರು ಮೈಸೂರಿನವರು, ಚಿಕ್ಕ ವಯಸ್ಸು. ಕೂದಲೆಳೆಯಷ್ಟು ಓರೆಯನ್ನೂ ಹೇಳುವಂಥದ್ದು ತರಿಸಿದರು. ಮೇಜಿನ ಮೇಲಿಟ್ಟರೆ ಅಂಕಿ ನಿಲ್ಲಲೇ ಇಲ್ಲ. ಕಟ್ಟಡವೇ ವಾಲುತ್ತಿದೆಯೋ ಎಂದು ಅವರ ಮುಖ ಬಿಳಿಚಿತು. ನಾನು ಮೇಜಿನ ಕೆಳಗೆ ಬಗ್ಗಿ ನೋಡಿದೆ.

"ಸಾರ್, ಕಾಲು ಅಲ್ಲಾಡಿಸಬೇಡಿ."

ಅಂಕಿ ನಿಂತಿತು.

೩. ಹಸಿರು ದೀಪ

ಕೊನೆಗೆ ನಡುವಿನದು ಆರಿಸಿದೆ. ಓರೆ ಎರಡು ಕ್ಷಣ ಹಾಗೇ ಇದ್ದರೆ ಮಾತ್ರ ನಿಲ್ಲಿಸುತ್ತದೆ. ತೊಟ್ಟಿಲು ನೆಲದ ಮೇಲಿದ್ದಾಗ ಬಟನ್ ಒತ್ತಿ, ಇದೇ ಸಮ ಎಂದು ಅದಕ್ಕೆ ಕಲಿಸಿದೆ.

ಇನ್ಸ್‌ಪೆಕ್ಟರು ಬಂದರು. ಇಬ್ಬರನ್ನೂ ಹೊತ್ತು ತೊಟ್ಟಿಲು ಆಳೆತ್ತರ ಏರಿತು. ಕೆಳಗಿನಿಂದಲೇ ರಿಮೋಟಿನಲ್ಲಿ ಎರಡೂ ತುದಿ ಹೊಂದಿಸಿದೆ. ಹಸಿರು ದೀಪ ಬಂತು, ಅಂದರೆ ಸಮ. ಆದರೆ ಒಳಗಿದ್ದ ತುಂಬಿದ ಬಕೆಟ್ಟಿನ ನೀರು ಒಂದೇ ಬದಿಗೆ ಚೆಲ್ಲುತ್ತಿತ್ತು.

ಆಗ ಹೊಳೆಯಿತು. ನಾನು ಬಟನ್ ಒತ್ತಿದ ನೆಲ ಕಾರು ತೊಳೆಯುವ ಜಾಗ. ನೀರು ಹರಿಯಲೆಂದೇ ಇಳಿಜಾರು ಮಾಡಿದ್ದು. ಆ ಇಳಿಜಾರನ್ನೇ ಸಮ ಎಂದು ಕಲಿಸಿಬಿಟ್ಟಿದ್ದೆ.

ಹಸಿರು ಇದೆಯಲ್ಲ, ಸುಮ್ಮನಿರಿ ಎಂದು ಇಂಜಿನಿಯರು ಕಿವಿಯಲ್ಲಿ ಹೇಳಿದರು. ಮೇಲೆ ನೋಡಿದೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾಳೆ ಇಪ್ಪತ್ತನೇ ಮಹಡಿಗೆ ಹೋಗುವವರು ಅವರು.

"ದೀಪ ಸುಳ್ಳು ಸಾರ್," ಎಂದೆ ಇನ್ಸ್‌ಪೆಕ್ಟರಿಗೆ. "ಬಕೆಟ್ ಸರಿ."

ಅವರು ಬಕೆಟ್ಟನ್ನು ನೋಡಿದರು. ಆಮೇಲೆ ಅದರ ನೀರು ಸಮ ನಿಲ್ಲುವವರೆಗೆ ತುದಿ ಹೊಂದಿಸಿ, ಹೊಸದಾಗಿ ಬಟನ್ ಒತ್ತಿಸಿದರು. ಬೇಕೆಂದೇ ಓರೆ ಮಾಡಿಸಿದರು. ಮೋಟಾರು ನಿಂತಿತು. ಪಾಸ್ ಎಂದರು.

ಫಾರಂ ತುಂಬುವಾಗ ಒಂದು ಕಾಲಂ: ಯಾವ ಉಪಕರಣದಿಂದ ಸಮ ನೋಡಿದಿರಿ? ಇಂಜಿನಿಯರ ಪೆನ್ನು ಅಲ್ಲೇ ನಿಂತಿತು. ಇನ್ಸ್‌ಪೆಕ್ಟರು ಅದನ್ನು ಕಿತ್ತುಕೊಂಡು ತಾವೇ ಬರೆದರು: ಬಕೆಟ್, ಒಂದು. ಬಣ್ಣ, ನೀಲಿ.