ಬೋರ್ಡಿಗೆ ಹೊರಟ ಕಾಲು

ಕುಂಟನಿಗೆ ಎಂಟು ಚೇಷ್ಟೆ ಎಂಬ ಗಾದೆ ಕಟ್ಟಿದವನು ನನ್ನನ್ನು ನೋಡಿರಲಿಲ್ಲ. ನಾನು ಸುಮ್ಮನೆ ಕುಳಿತಿದ್ದರೂ ಚೇಷ್ಟೆಗಳೇ ನನ್ನನ್ನು ಹುಡುಕಿಕೊಂಡು ಬರುತ್ತವೆ.

ಯುದ್ಧಕಾಲದಲ್ಲಿ ನಾನು ಮಿಲಿಟರಿ ಲಾರಿ ಓಡಿಸುತ್ತಿದ್ದೆ. ಲಾರಿ ಮಗುಚಿ ಬಲಗಾಲು ಮುರಿಯಿತು, ಮೊಣಕಾಲು ಮತ್ತೆ ಮಡಚಲಿಲ್ಲ. ಅದಕ್ಕೆ ಸರಕಾರ ಪಿಂಚಣಿ ಕೊಟ್ಟಿತು. ಆದರೆ ಕೆಲವು ವರ್ಷಕ್ಕೊಮ್ಮೆ ಡಾಕ್ಟರರ ಬೋರ್ಡಿನ ಮುಂದೆ ಖುದ್ದಾಗಿ ನಿಂತು, ಕಾಲು ಇನ್ನೂ ಕೆಟ್ಟೇ ಇದೆ ಎಂದು ತೋರಿಸಬೇಕು. ಗುಣವಾಗಿದೆ ಎಂದು ಅವರಿಗೆ ಕಂಡರೆ ಪಿಂಚಣಿ ಬಂದ್. ಬೆಳ್ತಂಗಡಿಯ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೆ. ಹೆಂಡತಿ ಮಕ್ಕಳಿಲ್ಲ, ಬೇರೆ ಸಂಪಾದನೆಯೂ ಇಲ್ಲ. ನನ್ನ ಅನ್ನ ಆ ಕಾಲಿನದ್ದೇ. ಐವತ್ತರ ದಶಕದ ಕೊನೆಯಲ್ಲಿ ಒಮ್ಮೆ ಬೋರ್ಡಿನ ಕರೆ ಬಂದಾಗ ನಡೆದದ್ದು ಇಷ್ಟು.

ಎಕ್ಸ್‌ರೇ

ಮಂಗಳೂರಿಗೆ ಹೋಗಿ ಕಾಲಿನ ಎಕ್ಸ್‌ರೇ ತೆಗೆಸಿಕೊಂಡು ಬಂದೆ. ಬಸ್ಸಿಳಿದು ಹೋಟೆಲಿಗೆ ಹೊಕ್ಕದ್ದೇ ತಪ್ಪಾಯಿತು. ಹೋಟೆಲಿನ ಯಜಮಾನರು ಅದನ್ನು ಕಿತ್ತುಕೊಂಡು ಬಿಸಿಲಿಗೆ ಹಿಡಿದರು. ಚಾ ಕುಡಿಯುತ್ತಿದ್ದವರೆಲ್ಲ ಎದ್ದು ಬಂದರು.

"ಇದು ನಿಮ್ಮದೇ ಕಾಲಾ ಮಾರಾಯ್ರೆ?" ಎಂದು ಎದುರು ಅಂಗಡಿಯ ಬ್ಯಾರಿ ಸಾಹುಕಾರರು ಕೇಳಿದರು.

"ನನ್ನದೇ."

"ಚಂದ ಉಂಟು. ಹೊರಗಿಂದ ಇಷ್ಟು ಚಂದ ಕಾಣುವುದಿಲ್ಲ."

ಮುಂಡಾಜೆಯವರೊಬ್ಬರು, "ನಮ್ಮ ಮನೆಯವರಿಗೆ ತೋರಿಸಿ ನಾಳೆ ತರುತ್ತೇನೆ" ಎಂದು ತೆಗೆದುಕೊಂಡು ಹೋದರು. ಅಲ್ಲಿಂದ ಅದು ಉಜಿರೆಯ ನೆಂಟರ ಮನೆಗೆ ಹೋಯಿತಂತೆ. ವಾಪಸು ಬರುವಾಗ ಮೂಲೆಯಲ್ಲಿ ಸಾರಿನ ಕಲೆ ಇತ್ತು.

ನನ್ನ ಪಟವೊಂದು ಮನೆಯಿಂದ ಮನೆಗೆ ಹೋದದ್ದು ಜೀವಮಾನದಲ್ಲಿ ಅದೊಂದೇ ಸಲ. ನೋಡಿದವರೆಲ್ಲ ಮೆಚ್ಚಿದರಂತೆ. ಹೆಣ್ಣು ಮಾತ್ರ ಯಾರೂ ಕೊಡಲಿಲ್ಲ.

ಸರ್ಟಿಫಿಕೇಟು

ಕಾಲು ಇನ್ನೂ ಸರಿಯಾಗಿಲ್ಲ ಎಂದು ನಮ್ಮ ಪೇಟೆಯ ಡಾಕ್ಟರು ಬರೆದು ಕೊಡಬೇಕಿತ್ತು. ಅವರು ವರ್ಷಗಟ್ಟಲೆ ಅದಕ್ಕೆ ಮದ್ದು ಕೊಟ್ಟವರು. ಕೇಳಿದ ಕೂಡಲೇ ಅವರ ಮುಖ ಗಂಟಾಯಿತು.

"ನನ್ನ ಮದ್ದಿಗೆ ಗುಣವಾಗಲಿಲ್ಲ ಎಂದು ನಾನೇ ಬರೆಯುವುದಾ? ಹೊರಗೆ ಅಷ್ಟು ಜನ ಕುಳಿತಿದ್ದಾರೆ, ಅವರು ಏನು ಎಣಿಸಿಯಾರು?"

"ಗುಣವಾಗಿದೆ ಎಂದು ಬರೆದರೆ ನಾನು ಉಪವಾಸ, ಡಾಕ್ಟ್ರೆ."

ಅವರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಕೊನೆಗೆ ಬರೆದುಕೊಟ್ಟರು: ಕಾಲು ಪೂರ್ತಿ ಹಾಳಾಗಿದೆ, ಚಿಕಿತ್ಸೆ ಉತ್ತಮವಾಗಿತ್ತು, ರೋಗಿ ಹೇಳಿದ ಮಾತು ಕೇಳುವವನಲ್ಲ.

ಹರಕೆ

ಕೋಣೆಯ ಒಡತಿ ವಯಸ್ಸಾದ ಹೆಂಗಸು. ನಾನು ಬೋರ್ಡಿಗೆ ಹೊರಡುವ ಹಿಂದಿನ ವಾರ ಬಂದು ಸಂತೋಷದಿಂದ ಹೇಳಿದರು: "ನಿಮ್ಮ ಕಾಲಿಗಾಗಿ ದೈವಕ್ಕೆ ಒಂದು ಕೋಳಿ ಹರಕೆ ಹೇಳಿದ್ದೇನೆ. ಬೋರ್ಡಿನವರ ಎದುರು ನೀವು ಓಡಬೇಕು!"

"ಅಯ್ಯೋ ಅಕ್ಕ, ಓಡಿದರೆ ನನಗೆ ಊಟ ಎಲ್ಲಿಂದ?"

ವಿಷಯ ತಿಳಿದು ಅವರು ಗಲ್ಲಕ್ಕೆ ಕೈ ಇಟ್ಟುಕೊಂಡು ಕುಳಿತರು. "ಹೇಳಿದ ಹರಕೆ ಹಿಂದೆ ತೆಗೆಯಲಿಕ್ಕಿಲ್ಲ. ಸ್ವಲ್ಪ ಮುಂದೆ ಹಾಕಲಿಕ್ಕೆ ಆಗುತ್ತದಾ ನೋಡುವ."

ದೈವಸ್ಥಾನಕ್ಕೆ ಹೋಗಿ ಪ್ರಾರ್ಥನೆ ಮಾಡಿಸಿ ಬಂದರು. "ಒಪ್ಪಿಗೆಯಾಯಿತು. ಬೋರ್ಡು ಮುಗಿದ ಮೇಲೆಯೇ ಗುಣವಾಗುವುದು. ಆದರೆ ಈಗ ಕೋಳಿ ಎರಡು."

ನಗು ಬಂತು, ಆಮೇಲೆ ಬೇಜಾರೂ ಆಯಿತು. ನನ್ನ ಕಾಲು ಗುಣವಾಗಲಿ ಎಂದು ಬಯಸಿದವರು ಆ ಊರಲ್ಲಿ ಅವರೊಬ್ಬರೇ. ಅವರನ್ನೂ ನಾನೇ ತಡೆದಿದ್ದೆ.

ಬೋರ್ಡು

ಬೋರ್ಡಿಗೆ ಬಂದ ಬೇರೆಯವರ ಜೊತೆ ಹೆಂಡತಿಯೋ ತಮ್ಮನೋ ಬಂದಿದ್ದರು. ನನ್ನ ಜೊತೆ ಎಕ್ಸ್‌ರೇ ಇತ್ತು. ಒಳಗೆ ಮೂವರು ಡಾಕ್ಟರರು. ದೊಡ್ಡ ಡಾಕ್ಟರು ನಮ್ಮ ಪಕ್ಕದ ಮೂಡುಬಿದಿರೆ ಕಡೆಯವರಂತೆ. ನನ್ನ ಊರಿನ ಹೆಸರು ನೋಡಿ ಮುಖ ಅರಳಿಸಿ, "ಸೌಖ್ಯವಾ?" ಎಂದರು.

ನಮ್ಮ ಕಡೆ ಸಾಯುತ್ತಿರುವವನನ್ನು ಕೇಳಿದರೂ ಬರುವ ಉತ್ತರ ಒಂದೇ. "ಸೌಖ್ಯ, ಸೌಖ್ಯ. ದೇವರ ದಯೆ, ಏನೂ ತೊಂದರೆ ಇಲ್ಲ" ಎಂದುಬಿಟ್ಟೆ.

ಪಕ್ಕದ ಸಣ್ಣ ಡಾಕ್ಟರು ಅದನ್ನು ಬರೆಯತೊಡಗಿದರು. ನಾನು ಅವರ ಕಾಗದಕ್ಕೆ ಕೈ ಅಡ್ಡ ಹಿಡಿದೆ. "ಅದು ಮರ್ಯಾದೆಗೆ ಹೇಳಿದ್ದು, ಡಾಕ್ಟ್ರೆ! ಬರೆಯಬೇಡಿ!"

ದೊಡ್ಡ ಡಾಕ್ಟರು ನಕ್ಕರು. "ಹಾಗಾದರೆ ಮರ್ಯಾದೆ ಬಿಟ್ಟು ಹೇಳಿ. ಏನೆಲ್ಲ ತೊಂದರೆ ಉಂಟು?"

ಆ ಪ್ರಶ್ನೆಯನ್ನು ಅಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಬಾಯಿ ಬಿಟ್ಟೆ, ಮುಚ್ಚಲಾಗಲಿಲ್ಲ. ಬಾವಿಯಿಂದ ನೀರು ತರುವ ಕಷ್ಟ ಹೇಳಿದೆ. ಒಬ್ಬನಿಗೆ ಬೇಯಿಸಿದ ಅನ್ನ ಯಾವಾಗಲೂ ಹೆಚ್ಚಾಗುವುದು ಹೇಳಿದೆ. ಭಾನುವಾರ ಸಂಜೆ ಮುಗಿಯುವುದೇ ಇಲ್ಲ ಎಂದೆ. ಜ್ವರ ಬಂದಾಗ ಗೋಡೆಯ ಜೊತೆ ಮಾತಾಡಿದ್ದನ್ನೂ ಹೇಳಿದೆ. ಜವಾನ ಬಾಗಿಲಲ್ಲಿ ಇಣುಕಿ ಹೋದ, ಮತ್ತೆ ಇಣುಕಿದ.

ಕೊನೆಗೆ ದೊಡ್ಡ ಡಾಕ್ಟರು ಮೆಲ್ಲನೆ ಕೇಳಿದರು: "ಇದರಲ್ಲಿ ಕಾಲಿಗೆ ಸೇರಿದ್ದು ಯಾವುದು?"

"ನೀರು ತರುವುದು" ಎಂದೆ.

ಅವರು ನಗಲಿಲ್ಲ. ಮೊಣಕಾಲು ಒತ್ತಿ ನೋಡಿದರು, ಎಕ್ಸ್‌ರೇ ನೋಡಿದರು, ಸಹಿ ಹಾಕಿದರು. "ಹೆದರಬೇಡಿ, ಪಿಂಚಣಿ ನಿಲ್ಲುವುದಿಲ್ಲ. ಇನ್ನು ಐದು ವರ್ಷ ನಿಮಗೆ ಬೋರ್ಡಿಗೆ ಬರುವ ಉಪದ್ರವೂ ಇಲ್ಲ."

ಬೇರೆ ಯಾರಾದರೂ ಆಗಿದ್ದರೆ ಅವರ ಕಾಲು ಹಿಡಿಯುತ್ತಿದ್ದರು. ನಾನು ಎಕ್ಸ್‌ರೇ ಸುತ್ತಿಕೊಂಡು ಬಾಗಿಲವರೆಗೆ ಹೋದವನು ತಿರುಗಿ ನಿಂತೆ.

"ಐದು ವರ್ಷವಾ ಡಾಕ್ಟ್ರೆ? ಬರುವ ತಿಂಗಳು ಒಮ್ಮೆ ನೋಡುವುದಿಲ್ಲವಾ?"