ಬರ್ತೀನಿ ಎನ್ನದ ಅತ್ತೆ

ನಮ್ಮ ಅತ್ತೆಯನ್ನು ಮನೆಗೆ ಕರೆಯುವುದು ಸುಲಭ, ಕಳಿಸಿಕೊಡುವುದೇ ಕಷ್ಟ. ಹಾಗೆಂದು ಅವಳು ಹೋದಲ್ಲಿ ಠಿಕಾಣಿ ಹೂಡುವವಳಲ್ಲ. ಹೊತ್ತಿಗೆ ಸರಿಯಾಗಿ ಏಳುತ್ತಾಳೆ, ಸೆರಗು ಸರಿಮಾಡಿಕೊಳ್ಳುತ್ತಾಳೆ, ಚಪ್ಪಲಿ ಮೆಟ್ಟುತ್ತಾಳೆ. ಆಮೇಲೆ ಎಲ್ಲರ ಎದೆ ಧಸಕ್ಕೆನ್ನುವಂತೆ "ಹೋಗ್ತೀನಿ" ಎನ್ನುತ್ತಾಳೆ!

ಹೊರಡುವವರು "ಬರ್ತೀನಿ" ಎನ್ನಬೇಕಲ್ಲವೇ? ಹೋಗುವ ಮಾತನ್ನು ಬಾಯಿಬಿಟ್ಟು ಆಡುವುದು ಅಪಶಕುನ. ಅದು ವಾಪಸು ಬರದ ದಾರಿ ಹಿಡಿದವರ ಮಾತು. ನಮ್ಮೂರು ಜತ್ತದಲ್ಲಿ ಯಾವ ಜಾತಿಯವರನ್ನು, ಯಾವ ದೇವರವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಆದರೆ ಅತ್ತೆಯ ವಾದವೇ ಬೇರೆ. ಮತ್ತೆ ಬರುವ ವಿಚಾರವೇ ಮನಸ್ಸಿನಲ್ಲಿಲ್ಲದಾಗ ಬರುತ್ತೇನೆ ಎಂದರೆ ಅದು ಸುಳ್ಳಲ್ಲವೇ? ಹೌದಿದ್ದರೆ ಹೌದು, ಅಲ್ಲದಿದ್ದರೆ ಅಲ್ಲ, ಅಷ್ಟು ಮಾತು ಸಾಕೆಂದು ಯೇಸುಸ್ವಾಮಿ ಕಲಿಸಿದ್ದನ್ನು ನಾವೆಲ್ಲ ಚರ್ಚಿನಲ್ಲಿ ಭಾನುವಾರ ಕೇಳಿ ಸೋಮವಾರ ಮರೆಯುತ್ತೇವೆ. ಅತ್ತೆ ಮರೆಯುವ ಪೈಕಿ ಅಲ್ಲ.

ನನಗಂತೂ ಇದು ಸಣ್ಣಂದಿನ ಕೊರಗು. ತಾಯಿ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿದವಳು ಅಪ್ಪನ ಅಕ್ಕನಾದ ಈ ಅತ್ತೆಯೇ. ಸಾಲೆಯ ಗೇಟಿನಲ್ಲಿ ಬೇರೆ ತಾಯಂದಿರೆಲ್ಲ "ಸಂಜಿಕಿ ಬರ್ತೀನಿ" ಎಂದು ಗಲ್ಲ ಸವರಿ ಹೋಗುತ್ತಿದ್ದರು. ಅತ್ತೆ "ಹೋಗ್ತೀನಿ" ಎಂದು ಹೋಗಿಯೇ ಬಿಡುತ್ತಿದ್ದಳು. ಸಂಜೆ ಎಲ್ಲರಿಗಿಂತ ಮೊದಲು ಬಂದು ನಿಂತಿರುತ್ತಿದ್ದವಳೂ ಅವಳೇ ಎನ್ನುವುದು ಬೇರೆ ಮಾತು. ಆದರೂ ಅವಳ ಬಾಯಿಂದ ಒಮ್ಮೆಯಾದರೂ "ಬರ್ತೀನಿ" ಕೇಳಬೇಕೆಂಬ ಆಸೆ ನನಗೆ ಮದುವೆಯಾಗಿ, ದಿನಾ ಜತ್ತದಿಂದ ಉಟಗಿಯ ಸಾಲೆಗೆ ಹೋಗಿಬರುವ ಟೀಚರಾದ ಮೇಲೂ ಹೋಗಲಿಲ್ಲ.

ಎದುರುಮನೆಯ ಅಜ್ಜಿ ಒಮ್ಮೆ ಅತ್ತೆಯನ್ನು ತಿದ್ದಲು ಟೊಂಕ ಕಟ್ಟಿದಳು. "ಹೋಗ್ತೀನಿ" ಎಂದ ಕೂಡಲೆ ಕೈಹಿಡಿದು ಕೂರಿಸಿ ಚಹಾ ಮಾಡಿಸಿದಳು. ಚಹಾ ಕುಡಿದು ಎದ್ದ ಅತ್ತೆ ಮತ್ತೆ ಅದನ್ನೇ ಅಂದಳು. ಮತ್ತೆ ಕೂರಿಸಿದ್ದಾಯಿತು, ಮತ್ತೆ ಚಹಾ. ಕೊನೆಗೆ ಮನೆಯಲ್ಲಿ ಹಾಲು ತೀರಿತೇ ಹೊರತು ಅತ್ತೆಯ ಹಟ ತೀರಲಿಲ್ಲ. ಅಜ್ಜಿ ಸುಸ್ತಾಗಿ, "ಆತು, ಹೋಗವ್ವ ತಾಯಿ" ಎಂದು ತಾನೇ ಆ ಅಪಶಕುನ ನುಡಿದುಬಿಟ್ಟಳು!

ನಮ್ಮ ಪಾಸ್ಟರರು ಸಮಾಧಾನದ ಮನುಷ್ಯ. ಅವರು ನಡುದಾರಿ ಹುಡುಕಿಕೊಟ್ಟರು: ದೇವರ ಚಿತ್ತವಿದ್ದರೆ ಬರುತ್ತೇನೆ ಎನ್ನಬಹುದಲ್ಲ? ಅತ್ತೆ ಅದಕ್ಕೂ ಒಪ್ಪಲಿಲ್ಲ.

"ಬರೂ ಮನಸ್ಸು ನನಗ ಇಲ್ಲದಾಗ, ಅದನ್ನ ದೇವರ ಮ್ಯಾಲ ಯಾಕ ಹಾಕಲಿರಿ?"

ಪಾಸ್ಟರರು ಕನ್ನಡಕ ಒರೆಸಿಕೊಂಡರು. ಮುಂದಿನ ಭಾನುವಾರ ಅವರು ಚರ್ಚಿನಲ್ಲಿ ಮಾಡಿದ ಪ್ರಸಂಗ ತಾಳ್ಮೆಯ ಬಗ್ಗೆ ಇತ್ತು.

ಇಂಥವಳು ಮಾಡುವ ಉದ್ಯೋಗವಾದರೂ ಯಾವುದು ಗೊತ್ತೇ? ಟೇಲರಿಂಗ್! "ನಾಳೆ ಬರ್ರಿ" ಎಂಬ ಮಾತಿನ ಮೇಲೆಯೇ ಜಗತ್ತಿನ ಟೇಲರುಗಳೆಲ್ಲ ಬದುಕಿರುವಾಗ ಅತ್ತೆ ಮುಂದಿನ ಶನಿವಾರ ಎಂದರೆ ಶನಿವಾರವೇ. ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ಹೊರಟ ಗೆಳತಿಯೊಬ್ಬಳು ಹೊಸ ಸೀರೆಯ ಜಂಪರಿಗೆ ಹೋದ ವರ್ಷದ ಅಳತೆಯೇ ಇರಲಿ ಎಂದಳು. "ಅಳತಿ ಹೋದ ವರ್ಷದ್ದ ಇಡ್ತೀನಿ. ಈ ವರ್ಷದ ಮೈ ಯಾರ ಕಡೆ ಬಿಟ್ಟು ಹೋಗ್ತಿ?" ಎಂದು ಅತ್ತೆ ಶಾಂತವಾಗಿ ಕೇಳಿದಳು. ಗೆಳತಿ ಸಿಟ್ಟಾಗಿ ಬೇರೆ ಟೇಲರನ ಬಳಿ ಹೋದಳು. ಅವನ ನಾಳೆ ಬರಲೇ ಇಲ್ಲ. ಹಳೆಯ ಜಂಪರು ತೊಟ್ಟು ದರ್ಶನ ಮುಗಿಸಿ ಬಂದವಳು ಸೀದಾ ಅತ್ತೆಯ ಮುಂದೆ ನಿಂತು, ಹೊಸ ಅಳತೆ ಕೊಟ್ಟಳು.

ಜೀಪಿನ ಕಥೆ ಕೇಳಿ. ಉಟಗಿಗೆ ಹೋಗುವ ಜೀಪಿನವನು ಕಾಲಿಡಲು ಜಾಗವಿಲ್ಲದಂತೆ ತುಂಬುವವರೆಗೂ "ಈಗ ಬಿಟ್ಟೆ, ಈಗ ಬಿಟ್ಟೆ" ಎಂದು ಕೂಗುತ್ತಾನೆ. ಒಂದು ದಿನ ಅತ್ತೆ ನನ್ನ ಜೊತೆ ಬಂದು ಮುಂದಿನ ಸೀಟಿನಲ್ಲಿ ಕೂತಳು. ಹತ್ತಲು ಬಂದವರಿಗೆಲ್ಲ, ಅವನು ಈಗಲೇ ಬಿಡುವುದಿಲ್ಲ, ಆರಾಮವಾಗಿ ಚಹಾ ಕುಡಿದು ಬನ್ನಿ ಎಂದು ಹೇಳಿ ಕಳಿಸಿದಳು. ಜನ ಹೋಟೆಲಿನಲ್ಲಿ, ಜೀಪು ಖಾಲಿ! ಅಂದಿನಿಂದ ಅತ್ತೆಯ ಸೀರೆಯ ಅಂಚು ಕಂಡರೂ ಸಾಕು, ಅವನು ಸೆಲ್ಫ್ ಹೊಡೆದು ಜೀಪು ಬಿಡುತ್ತಾನೆ.

ಹೋದ ವರ್ಷ ಅತ್ತೆಯ ಪಿತ್ತಕೋಶದಲ್ಲಿ ಕಲ್ಲು ಸಿಕ್ಕವು. ಮಿರಜಿಗೆ ಆಪರೇಶನ್ನಿಗೆ ಕರೆದುಕೊಂಡು ಹೋದೆವು. ಸ್ಟ್ರೆಚರಿನ ಮೇಲೆ ಮಲಗಿದವಳು ನನ್ನ ಕಡೆ ತಿರುಗಿ, ಎಂದಿನಂತೆ "ಹೋಗ್ತೀನಿ" ಎಂದಳು. ನಾನು ಸ್ಟ್ರೆಚರನ್ನು ಹಿಡಿದು ನಿಲ್ಲಿಸಿದೆ.

"ಅತ್ತಿ, ಇವತ್ತೊಂದ ದಿನ ಬರ್ತೀನಿ ಅನ್ನು. ನಿನ್ನ ಕಾಲಿಗೆ ಬೀಳ್ತೀನಿ."

ಅವಳು ನನ್ನ ಬೆರಳು ಹಿಡಿದುಕೊಂಡಳು.

"ನಿಮ್ಮವ್ವ ಹಿಂಗ ಮಿರಜಿಗೆ ಹೋಗೂವಾಗ, ಸಂಜಿಕಿ ಬರ್ತೀನಿ ಅಂತ ನಿನಗ ಹೇಳಿದ್ಲು. ಆಕಿ ಸುಳ್ಳು ಹೇಳಲಿಲ್ಲ. ಆದ್ರ ಆ ಮಾತು ಆಕಿ ಕೈಯಾಗ ಇರಲಿಲ್ಲ. ನೀ ಹೊಸ್ತಿಲ ಬಿಟ್ಟು ಏಳಲೇ ಇಲ್ಲ, ಕೂಸ. ಎಷ್ಟ ದಿನ ಕುಂತಿ! ನಾನೂ ನಿನ್ನ ಬಾಜೂಕ ಕುಂತಿದ್ದೆ. ಆವಾಗ ಯೇಸುಸ್ವಾಮಿ ಮುಂದ ಅಂದ್ಕೊಂಡೆ, ನನ್ನ ಕೈಯಾಗ ಇಲ್ಲದ ಮಾತು ಈ ಕೂಸಿಗೆ ಹೇಳಬಾರದಂತ."

ನನಗೆ ಹೊಸ್ತಿಲು ನೆನಪಿತ್ತು. ಪಕ್ಕದಲ್ಲಿ ಅತ್ತೆಯೂ ಕೂತಿದ್ದು ನೆನಪಿರಲಿಲ್ಲ.

"ಬರಬೇಕಂತ ಭಾಳ ಆಸೆ ಐತಿ," ಎಂದಳು. "ಇದು ಖರೇ."

ಬಾಗಿಲು ಮುಚ್ಚಿತು. ಮಧ್ಯಾಹ್ನ ಅತ್ತೆಗೆ ಎಚ್ಚರವಾದಾಗ ನರ್ಸ್ ನೋವಿಲ್ಲ ಅಲ್ಲವೇ ಎಂದು ಕೇಳಿದಳು. ಅತ್ತೆ ಭಾಳ ಐತಿ ಎಂದಳು. ಆಮೇಲೆ ನನ್ನನ್ನು ಹುಡುಕಿ ನೋಡಿ, ಒಣಗಿದ ತುಟಿಯಲ್ಲೇ ನಕ್ಕಳು.

"ಬಂದೀನಿ, ನೋಡು."

ಇಷ್ಟು ವರ್ಷ ನಾನು ಕೇಳಲು ಕಾದಿದ್ದ ಮಾತಿಗಿಂತ ಇದು ದೊಡ್ಡದಿತ್ತು. ನರ್ಸ್ ಬೈದರೂ ಕೇಳದೆ ನಾನು ಅಲ್ಲೇ ಅತ್ತುಬಿಟ್ಟೆ.

ಈಗ ಹೊಲಿಗೆ ಯಂತ್ರ ಮತ್ತೆ ಓಡುತ್ತಿದೆ. ಮೊನ್ನೆ ಸಾಲೆಗೆ ಹೊರಟವಳು ಬಾಗಿಲಲ್ಲಿ ನಿಂತು, "ಅತ್ತಿ, ಹೋಗ್ತೀನಿ. ಸಂಜಿಕಿ ಬರಬೇಕಂತ ಭಾಳ ಆಸೆ ಐತಿ" ಎಂದೆ. ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಹೋಗು. ಬಾಗಲಾ ತಗದ ಇಟ್ಟಿರ್ತೀನಿ."

ಅಂದು ಸಂಜೆ ವಾಪಸು ಬರುವ ಜೀಪು ಬಹಳ ತಡ ಮಾಡಿತು. ಬಾಗಿಲು ತೆಗೆದೇ ಇತ್ತು.