ಒಂದು ಕ್ಷಿಪಣಿ ಹೆಚ್ಚು

ರಿಜಿಸ್ಟರಿನಲ್ಲಿ ಕ್ಷಿಪಣಿ ನಾಲ್ಕು, ಪ್ರದರ್ಶನದ ಕೋಣೆಯಲ್ಲಿ ಐದು. ಗುಮಾಸ್ತರು ಎಡದಿಂದ ಎಣಿಸಿದರು, ಬಲದಿಂದ ಎಣಿಸಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಎಣಿಸಿದರು. ಐದು ಐದಾಗಿಯೇ ಕೂತಿತ್ತು.

ಹಳೆಯ ಯುದ್ಧವಿಮಾನ, ಎಂಜಿನ್, ಕ್ಷಿಪಣಿಗಳ ಆ ಸಂಗ್ರಹಾಲಯದಲ್ಲಿ ಅವರದು ಒಂಬತ್ತು ವರ್ಷದ ತಾತ್ಕಾಲಿಕ ನೌಕರಿ. ಮುಂಚೆ ಗ್ರಂಥಾಲಯದಲ್ಲಿದ್ದವರು, ವಿಮಾನದ ಬಗ್ಗೆ ಅವರಿಗೆ ಗೊತ್ತಿದ್ದುದು ಅದು ಹಾರುತ್ತದೆ ಎಂಬುದಷ್ಟೆ. ಅಂದು ಮಧ್ಯಾಹ್ನ ಮೂರಕ್ಕೆ ತಪಾಸಣೆಯ ಅಧಿಕಾರಿ ಬರುವವರಿದ್ದರು. ಲೆಕ್ಕ ತಾಳೆಯಾದರೆ ಕಾಯಂ ಆದೇಶಕ್ಕೆ ಅಲ್ಲೇ ಸಹಿ.

"ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ?" ಎಂದ ಗೈಡ್. ಬಾಯಿಗೆ ಬಿಡುವು ಕೊಡದ ಅವನನ್ನು ಎಲ್ಲರೂ ರೇಡಿಯೊ ಎನ್ನುತ್ತಿದ್ದರು.

"ಕಡಿಮೆ ಆದ್ರೆ ಕಳೆದುಹೋಯ್ತು ಅನ್ನಬಹುದು ಕಣಯ್ಯ. ಜಾಸ್ತಿ ಆದ್ರೆ ಕಳ್ಳಮಾಲು ಅಂತಾರೆ. ನನಗಿಂತ ಮುಂಚೆ ಇದ್ದವನ ಹತ್ರ ಒಂದು ಪ್ರೊಪೆಲ್ಲರ್ ಜಾಸ್ತಿ ಸಿಕ್ಕಿತ್ತು. ಇನ್ನೂ ವಿಚಾರಣೆಗೆ ಅಲೀತಿದಾನೆ."

ರೇಡಿಯೊ ಐದನ್ನೂ ತಟ್ಟಿ ನೋಡಿ ಕೊನೆಯದರ ಮುಂದೆ ನಿಂತ. "ಇದೇ ಹೊರಗಿನದು. ಚೀಟಿ ಇಲ್ಲ, ಬಾಲದ ರೆಕ್ಕೆನೂ ಉದುರಿಹೋಗಿದೆ. ಇಂಥ ಕ್ಷಿಪಣಿ ಬಲು ಅಪರೂಪ." ಅವನ ಮಾತನ್ನು ತಿದ್ದಬಲ್ಲವನು ಎಂಜಿನ್ ಮೇಸ್ತ್ರಿ ಒಬ್ಬನೇ. ಅವನು ಅಂದು ರಜೆಯಲ್ಲಿದ್ದ.

ಬೆಳಿಗ್ಗೆಯೇ ಅದನ್ನು ಹೊರಗೆ ಸಾಗಿಸಿಬಿಡುವುದೆಂದು ಗುಮಾಸ್ತರು ನಿರ್ಧರಿಸಿದರು. ಒಳಗೆ ಬರೀ ಟೊಳ್ಳಾದ್ದರಿಂದ ಇಬ್ಬರಿಗೇ ಎತ್ತಲು ಬಂತು. ಕಿಟಕಿಯ ಪರದೆ ಬಿಚ್ಚಿ ಸುತ್ತಿದರು, ಕೈಗಾಡಿಯ ಮೇಲೆ ಹೇರಿದರು. ಬೀದಿಗಿಳಿದು ಹತ್ತು ಹೆಜ್ಜೆ ಹೋಗಿಲ್ಲ, ಔಷಧಿ ಅಂಗಡಿಯವರು ಹೊರಬಂದರು.

"ಏನ್ರೀ ಅದು, ಗೀಸರ್ರಾ?"

"ಹ್ಞೂಂ, ಗೀಸರ್," ಎಂದರು ಗುಮಾಸ್ತರು.

"ನಮ್ಮನೇದೂ ಕೆಟ್ಟಿದೆ. ವಾಪಸ್ ಬರ್ತಾ ಒಂದ್ ಸಲ ನೋಡಿ ಹೋಗಿ."

ಬೀದಿಯ ಕೊನೆಯಲ್ಲಿ ಗಿಡ ಮಾರುವವನೊಬ್ಬನ ತೋಟವಿತ್ತು. ಹಳೇ ಕೊಳವೆ, ಇಟ್ಟುಕೋ ಎಂದರೆ ಅವನು ಹಿಂದುಮುಂದು ನೋಡದೆ ಒಪ್ಪಿದ. "ಆದ್ರೆ ಕೊಟ್ಟಮೇಲೆ ಮುಗೀತು. ಆಮೇಲೆ ಬೇಕು ಅನ್ನಬಾರದು." ಗುಮಾಸ್ತರು ಸಂತೋಷದಿಂದ ತಲೆಯಾಡಿಸಿದರು. ಒಂಬತ್ತು ವರ್ಷದಲ್ಲಿ ಅವರ ಎದೆ ಅಷ್ಟು ಹಗುರಾಗಿದ್ದೇ ಇಲ್ಲ.

ಮೂರಕ್ಕೆ ಸರಿಯಾಗಿ ಅಧಿಕಾರಿ ಬಂದರು. ಪ್ರತಿಯೊಂದನ್ನೂ ಪೆನ್ಸಿಲಿನಿಂದ ಮುಟ್ಟಿ ಮುಟ್ಟಿ ಎಣಿಸುತ್ತ ನಡೆದರು. ರೇಡಿಯೊ ಎಂಜಿನ್ನಿನ ಚರಿತ್ರೆ ಶುರು ಮಾಡಿದ್ದಕ್ಕೆ, "ಅದು ಏನು ಅನ್ನೋದು ನನಗೆ ಬೇಡ. ಎಷ್ಟು ಅನ್ನೋದಷ್ಟೇ ಬೇಕು" ಎಂದು ಬಾಯಿ ಮುಚ್ಚಿಸಿದರು.

ಎಂಜಿನ್ ಹನ್ನೊಂದು, ಸರಿ. ಕ್ಷಿಪಣಿ ನಾಲ್ಕು, ಸರಿ. ಅಧಿಕಾರಿ ಪುಟ ತಿರುವಿದರು.

"ವಿಮಾನದ ರೆಕ್ಕೆ ಕೆಳಗೆ ನೇತುಹಾಕೋ ಇಂಧನದ ಟ್ಯಾಂಕು, ಒಂದು. ಉದ್ದಕ್ಕಿದೆ, ಎರಡೂ ತುದಿ ಚೂಪು. ಎಲ್ರೀ ಅದು?"

ರೇಡಿಯೊ ಗುಮಾಸ್ತರ ಕಿವಿಯ ಹತ್ತಿರ ಬಗ್ಗಿದ. "ನಿನ್ನೆ ಬಣ್ಣ ಹೊಡೆಯೋರು ವಿಮಾನದಿಂದ ಏನೋ ಇಳಿಸಿ ಕ್ಷಿಪಣಿ ಪಕ್ಕ ಇಟ್ಟಿದ್ರು. ನಾನೇ ಜಾಗ ತೋರಿಸಿದ್ದೆ."

ಗುಮಾಸ್ತರಿಗೆ ಅವನ ಕತ್ತು ಹಿಸುಕುವಷ್ಟು ಸಿಟ್ಟು ಬಂತು, ಹಿಸುಕಲು ಸಮಯವಿರಲಿಲ್ಲ. "ತೊಳೆಯೋಕೆ ಹೋಗಿದೆ ಸಾರ್, ಈಗ ತಂದೆ" ಎಂದು ಕೈಗಾಡಿ ಹಿಡಿದು ಓಡಿದರು. ರೇಡಿಯೊ ಹಿಂದೆ ಓಡಿದ.

ತೋಟದವನು ಮಣ್ಣಿನ ಕೈ ಒರೆಸಿಕೊಳ್ಳುತ್ತ ಎದುರಾದ. "ಬನ್ನಿ ಬನ್ನಿ, ನೋಡಿ ಎಷ್ಟು ಚೆನ್ನಾಗಿ ಬಂತು." ಬೆಸುಗೆಯವನನ್ನು ಕರೆಸಿ ಟ್ಯಾಂಕನ್ನು ಉದ್ದುದ್ದಕ್ಕೆ ಸೀಳಿಸಿದ್ದ. ಎರಡು ಸೊಗಸಾದ ತೊಟ್ಟಿಗಳಲ್ಲಿ ಗುಲಾಬಿ ಸಸಿಗಳು ಸಾಲಾಗಿ ನಿಂತಿದ್ದವು. ಗುಮಾಸ್ತರಿಗೆ ಅಳು ಬಂತು. ಅಳುತ್ತಲೇ ಸಸಿ ಕಿತ್ತರು, ಮಣ್ಣು ಸುರಿದರು. ತೋಟದವನ ಬೈಗುಳವನ್ನು ಬೆನ್ನಿಗೆ ಹಾಕಿಕೊಂಡು ಗಾಡಿ ತಳ್ಳಿದರು.

"ಗೀಸರ್ ಒಡೆದೇಹೋಯ್ತಾ?" ಎಂದು ಕನಿಕರಿಸಿದರು ಔಷಧಿ ಅಂಗಡಿಯವರು. "ಹಾಗಾದ್ರೆ ನಮ್ಮದನ್ನ ಮುಟ್ಟಬೇಡಿ."

ಎರಡು ಹೋಳನ್ನೂ ಅಧಿಕಾರಿಯ ಮುಂದೆ ಇಳಿಸಿದರು. ಪೆನ್ಸಿಲು ಮೊದಲನೆಯದನ್ನು ಮುಟ್ಟಿತು. "ಒಂದು." ಆಮೇಲೆ ಪಕ್ಕದ್ದನ್ನು ಮುಟ್ಟಿತು. "ಎರಡು."

"ಎರಡೂ ಸೇರಿದ್ರೆ ಒಂದೇ ಸಾರ್," ಎಂದರು ಗುಮಾಸ್ತರು ಕೈಮುಗಿದು.

"ಸೇರಿಲ್ವಲ್ಲ," ಎಂದ ಅಧಿಕಾರಿ ಕಾಯಂ ಆದೇಶವನ್ನು ಮಡಚಿ ಚೀಲದೊಳಗಿಟ್ಟು, ರಿಜಿಸ್ಟರಿನಲ್ಲಿ ನಿಧಾನವಾಗಿ ಬರೆದರು: "ಇಂಧನದ ಟ್ಯಾಂಕು, ಒಂದು ಹೆಚ್ಚು."